ಚೆದುರಿದ ಕಲ್ಲು: ‘ಡಿಲ್ಯಾಪಿಡೇಷನ್’ ಎಂಬ ಪದದ ಹಿಂದೆ

ಹುಣಸಮಾರನಹಳ್ಳಿಯಲ್ಲಿ ಬಸ್ಸು ಹತ್ತಿ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಚಿಕ್ಕಜಾಲ ಸಿಗುತ್ತದೆ. ಅಲ್ಲಿ ಹೆದ್ದಾರಿಯ ಪಕ್ಕದಲ್ಲೇ ಒಂದು ಹಳೆಯ ಕಲ್ಲಿನ ಕೋಟೆ ಇದೆ, ಒಳಗೆ ಮೆಟ್ಟಿಲುಗಳಿರುವ ಕಲ್ಯಾಣಿ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವವರ ಕಣ್ಣು ಗಡಿಯಾರದ ಮೇಲಿರುತ್ತದೆ, ಕೋಟೆಯ ಮೇಲಲ್ಲ. ನಾನು ಮೊದಲ ಸಲ ಇಳಿದು ನೋಡಿದಾಗ ಗೋಡೆಯ ಸಂದುಗಳಲ್ಲಿ ಗಿಡ ಬೆಳೆದಿತ್ತು, ಕೆಲವು ಕಲ್ಲುಗಳು ಜರುಗಿದ್ದವು, ಕೆಲವು ನೆಲಕ್ಕೆ ಬಿದ್ದಿದ್ದವು. ಬಿದ್ದ ಕಲ್ಲಿನ ಮೇಲೆ ಯಾರೋ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

ಇಂಥ ಕೋಟೆಯ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಬರೆದಾಗ ಒಂದು ಪದ ತಪ್ಪದೆ ಬರುತ್ತದೆ: ‘ಡಿಲ್ಯಾಪಿಡೇಟೆಡ್’. ಕನ್ನಡ ಪತ್ರಿಕೆಗಳಲ್ಲಿ ಅದರ ಜಾಗದಲ್ಲಿ ‘ಶಿಥಿಲಾವಸ್ಥೆ’ ಎಂದಿರುತ್ತದೆ. ಸರ್ಕಾರಿ ಶಾಲೆಯ ಹಳೆಯ ಕೊಠಡಿಗಾಗಲಿ, ನೀರಿನ ಟ್ಯಾಂಕಿಗಾಗಲಿ, ಕೋಟೆಗಾಗಲಿ ಈ ಎರಡೇ ಪದಗಳು. ಒಂದಕ್ಕೆ ಇನ್ನೊಂದು ಸರಿಯಾದ ಅನುವಾದ ಎಂದು ನಾವು ನಂಬಿಕೊಂಡಿದ್ದೇವೆ. ಆದರೆ ಇಂಗ್ಲಿಷ್ ಪದದ ಬೇರು ಹಿಡಿದು ಹೋದರೆ ಅದರೊಳಗೆ ಒಂದು ಕಲ್ಲೂ ಒಬ್ಬ ಮನುಷ್ಯನೂ ಸಿಗುತ್ತಾರೆ. ನಮ್ಮ ‘ಶಿಥಿಲ’ದಲ್ಲಿ ಈ ಇಬ್ಬರೂ ಇಲ್ಲ. ಆ ವ್ಯತ್ಯಾಸ ಬರೀ ನಿಘಂಟಿನದಲ್ಲ ಎನ್ನುವುದು ಈ ಬರಹದ ಮಾತು.

ಮೊದಲು ಕಲ್ಲನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಲಾಪಿಸ್’ ಎಂದರೆ ಕಲ್ಲು. ಹರಳುಗಳನ್ನು ಸಾಣೆ ಹಿಡಿಯುವವನಿಗೆ ಇಂಗ್ಲಿಷಿನಲ್ಲಿ ‘ಲ್ಯಾಪಿಡರಿ’ ಎನ್ನುವುದೂ, ನೀಲಿ ಬಣ್ಣದ ಕಲ್ಲಿಗೆ ‘ಲ್ಯಾಪಿಸ್ ಲಾಜುಲಿ’ ಎಂಬ ಹೆಸರು ಬಂದಿರುವುದೂ ಇದರಿಂದಲೇ. ‘ಲಾಪಿದಾರೆ’ ಎಂದರೆ ಕಲ್ಲು ಹೊಡೆಯುವುದು. ಅದರ ಮುಂದೆ ‘ಬೇರೆ ಬೇರೆಯಾಗಿ, ಚೆಲ್ಲಾಪಿಲ್ಲಿಯಾಗಿ’ ಎಂಬ ಅರ್ಥದ ಉಪಸರ್ಗ ಸೇರಿ ‘ದಿಲಾಪಿದಾರೆ’ ಆಯಿತು: ಕಲ್ಲುಗಳನ್ನು ಚೆಲ್ಲಿದಂತೆ ಚೆಲ್ಲಾಡುವುದು.

ರೋಮನ್ನರು ಈ ಪದವನ್ನು ಹೆಚ್ಚಾಗಿ ಬಳಸಿದ್ದು ಕಟ್ಟಡಕ್ಕಲ್ಲ, ದುಡ್ಡಿಗೆ. ಕ್ರಿಸ್ತಪೂರ್ವ 161ರಲ್ಲಿ ಆಡಿದ ಟೆರೆನ್ಸನ ‘ಫೋರ್ಮಿಯೋ’ ಎಂಬ ಪ್ರಹಸನದಲ್ಲಿ ಒಬ್ಬ ಮುದುಕನಿಗೆ ಒಂದೇ ಚಿಂತೆ. ತಾವು ಕೊಟ್ಟ 30 ಮಿನಾ ಹಣವನ್ನು ಫೋರ್ಮಿಯೋ ಉಡಾಯಿಸಿಬಿಡುವ ಮೊದಲು ವಾಪಸ್ಸು ಕಿತ್ತುಕೊಳ್ಳಬೇಕು. ‘ಉಡಾಯಿಸು’ ಎನ್ನಲು ಅವನು ಬಳಸುವ ಕ್ರಿಯಾಪದ ಇದೇ. ನಮ್ಮಲ್ಲೂ ದುಡ್ಡನ್ನು ‘ನೀರಿನಂತೆ ಚೆಲ್ಲಿದ’ ಎನ್ನುತ್ತೇವೆ. ಅವರು ಕಲ್ಲಿನಂತೆ ಚೆಲ್ಲುತ್ತಿದ್ದರು.

ಕ್ರಿಸ್ತಶಕ ಒಂದನೆಯ ಶತಮಾನದ ಕೊಲುಮೆಲ್ಲಾ ಬೇಸಾಯದ ಬಗ್ಗೆ ದೊಡ್ಡ ಗ್ರಂಥ ಬರೆದವನು. ಅದರ ಹತ್ತನೆಯ ಭಾಗ ತೋಟಗಾರಿಕೆಯ ಕುರಿತದ್ದು, ಪದ್ಯದಲ್ಲಿದೆ. ಅಲ್ಲಿ ಆಕಾಶದ ದೇವರು ಆಲಿಕಲ್ಲು ಸುರಿಸಿ ಮನುಷ್ಯರ ಮತ್ತು ಎತ್ತುಗಳ ದುಡಿಮೆಯನ್ನು ನಾಶ ಮಾಡುವುದನ್ನು ಹೇಳುವಾಗ ಇದೇ ಪದ ಬರುತ್ತದೆ. ಕನ್ನಡದ ಓದುಗರಿಗೆ ಇದು ತಕ್ಷಣ ಹಿಡಿಸಬೇಕು, ಏಕೆಂದರೆ ನಮ್ಮ ಭಾಷೆಯಲ್ಲೂ ಆಕಾಶದಿಂದ ಬೀಳುವುದು ‘ಕಲ್ಲೇ’. ದ್ರಾಕ್ಷಿ ಬೆಳೆಯುವ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ರೈತರಿಗೆ ಏಪ್ರಿಲ್ ತಿಂಗಳ ಆಲಿಕಲ್ಲು ಮಳೆ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಪದ ಇಂಗ್ಲಿಷಿಗೆ ಬಂದದ್ದು ಹದಿನೈದು, ಹದಿನಾರನೆಯ ಶತಮಾನಗಳಲ್ಲಿ. ಮೊದಲು ‘ಆಸ್ತಿಯನ್ನು ಪೋಲು ಮಾಡುವುದು’ ಎಂಬ ಹಳೆಯ ಅರ್ಥದಲ್ಲಿ ಬಂತು. ಆಮೇಲೆ ‘ಕಟ್ಟಡವನ್ನು ಹಾಳುಗೆಡವುವುದು’ ಎಂಬ ಅರ್ಥ ಸೇರಿಕೊಂಡಿತು. ಲ್ಯಾಟಿನ್ ಓದಿದವರಿಗೆ ಅದರೊಳಗಿನ ಕಲ್ಲು ಕಾಣುತ್ತಿದ್ದುದರಿಂದ ಗೋಡೆಯಿಂದ ಕಲ್ಲು ಕಳಚಿ ಬೀಳುವ ಚಿತ್ರ ಅದಕ್ಕೆ ಸುಲಭವಾಗಿ ಹೊಂದಿಕೊಂಡಿತು.

ಇನ್ನು ಮನುಷ್ಯ. ಇಂಗ್ಲೆಂಡಿನ ಚರ್ಚಿನಲ್ಲಿ ಒಂದು ಊರಿನ ಪಾದ್ರಿಗೆ ಇರಲು ಮನೆ, ಅನುಭವಿಸಲು ಒಂದಿಷ್ಟು ಜಮೀನು ಇರುತ್ತಿತ್ತು. ಆ ಮನೆ ಅವನದಲ್ಲ. ಅವನು ಇರುವಷ್ಟು ದಿನ ಅವನದು, ಆಮೇಲೆ ಮುಂದಿನ ಪಾದ್ರಿಯದು. ಹಾಗಾಗಿ ಸೂರು ಸೋರಿದರೆ ಸರಿಪಡಿಸುವ ಹೊಣೆ ಅವನ ಮೇಲಿತ್ತು. ಸರಿಪಡಿಸದೆ ಬಿಟ್ಟು ಹೋದರೆ, ಅಥವಾ ತೀರಿಕೊಂಡರೆ, ಹೊಸದಾಗಿ ಬಂದ ಪಾದ್ರಿ ಹಿಂದಿನವನಿಂದ ಅಥವಾ ಅವನ ವಾರಸುದಾರರಿಂದ ದುರಸ್ತಿಯ ಖರ್ಚನ್ನು ಕೇಳಿ ಪಡೆಯಬಹುದಿತ್ತು. ಈ ಬಾಕಿಗೆ ಕಾನೂನಿನಲ್ಲಿ ಇದ್ದ ಹೆಸರು ‘ಡಿಲ್ಯಾಪಿಡೇಷನ್ಸ್’. 1871ರಲ್ಲಿ ಇದಕ್ಕೆಂದೇ ಅಲ್ಲಿ ಪ್ರತ್ಯೇಕ ಕಾಯ್ದೆಯಾಯಿತು.

ಈ ಕಾನೂನಿನ ಸೂಕ್ಷ್ಮವೊಂದನ್ನು ಗಮನಿಸಬೇಕು. ಪಾದ್ರಿ ಗುದ್ದಲಿ ಹಿಡಿದು ಗೋಡೆ ಕೆಡವಿದರೆ ಮಾತ್ರ ತಪ್ಪಲ್ಲ. ಏನೂ ಮಾಡದೆ ಸುಮ್ಮನೆ ಇದ್ದು, ಮಳೆ ಗಾಳಿಗಳು ಗೋಡೆಯನ್ನು ಕೆಡವಲು ಬಿಟ್ಟರೂ ಅದು ಅವನ ಲೆಕ್ಕಕ್ಕೇ ಬರುತ್ತಿತ್ತು. ಮಾಡಿದ್ದಕ್ಕೂ ಹೊಣೆ, ಮಾಡದೆ ಬಿಟ್ಟದ್ದಕ್ಕೂ ಹೊಣೆ.

ಜೇನ್ ಆಸ್ಟಿನ್ 1814ರಲ್ಲಿ ಪ್ರಕಟಿಸಿದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯನ್ನು ಪಠ್ಯವಾಗಿ ಓದಿದವರಿಗೆ ಮಿಸೆಸ್ ನಾರಿಸ್ ನೆನಪಿರಬಹುದು. ಅವಳ ಗಂಡ ಪಾದ್ರಿಯಾಗಿದ್ದು ತೀರಿಕೊಂಡವನು. ಆ ಜಾಗಕ್ಕೆ ಬಂದವನು ಡಾಕ್ಟರ್ ಗ್ರಾಂಟ್. ಇಬ್ಬರಿಗೂ ಆಗಿಬರುವುದಿಲ್ಲ. ಅವರ ಪರಿಚಯ ಶುರುವಾದದ್ದೇ ಡಿಲ್ಯಾಪಿಡೇಷನ್ನಿನಿಂದ ಎಂದು ಆಸ್ಟಿನ್ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಅರ್ಥಕೋಶದ ‘ಶಿಥಿಲತೆ’ಯನ್ನು ಹಿಡಿದು ಓದಿದರೆ ಈ ಮಾತಿನ ನಗೆ ಕೈಗೆ ಸಿಗುವುದಿಲ್ಲ. ಹೊಸ ಪಾದ್ರಿ ಬಂದವನೇ ಹಳೆಯ ಪಾದ್ರಿಯ ವಿಧವೆಯ ಬಳಿ ದುರಸ್ತಿ ಖರ್ಚು ಕೇಳಿದ್ದಾನೆ ಎಂದು ಗೊತ್ತಾದರೆ ಮಾತ್ರ ಜಗಳ ಕಣ್ಣಿಗೆ ಕಟ್ಟುತ್ತದೆ. ಬ್ರಿಟನ್ನಿನಲ್ಲಿ ಇವತ್ತಿಗೂ ಅಂಗಡಿ, ಕಚೇರಿಗಳ ಗುತ್ತಿಗೆ ಮುಗಿದಾಗ ಮಾಲೀಕರು ಬಾಡಿಗೆದಾರರಿಗೆ ಕಳಿಸುವ ದುರಸ್ತಿ ಬಿಲ್ಲಿಗೆ ಇದೇ ಹೆಸರು.

ದಿನಬಳಕೆಯ ಇಂಗ್ಲಿಷ್ ಮಾತ್ರ ಇದನ್ನೆಲ್ಲ ಮರೆತಿದೆ. ಕಟ್ಟಡ ‘ಡಿಲ್ಯಾಪಿಡೇಟೆಡ್’ ಆಗಿದೆ ಎಂದರೆ ಈಗ ಯಾರೂ ‘ಮಾಡಿದವರು ಯಾರು?’ ಎಂದು ಕೇಳುವುದಿಲ್ಲ. ನಮಗೆ ದಾಟಿ ಬಂದದ್ದು ಹೀಗೆ ಮರೆತ ಮೇಲಿನ ಪದ.

ಈಗ ನಮ್ಮ ಪದಗಳ ಕಡೆಗೆ ಬರೋಣ. ‘ಶಿಥಿಲ’ ಎಂದರೆ ಬಿಗಿ ಕಳೆದುಕೊಂಡದ್ದು. ‘ಸಡಿಲ’ ಅದರದೇ ತದ್ಭವ. ‘ಜೀರ್ಣ’ ಎಂದರೆ ವಯಸ್ಸಾಗಿ ಸವೆದದ್ದು. ಹೊಟ್ಟೆಯಲ್ಲಿ ಊಟ ಕರಗುವುದಕ್ಕೂ ಅದೇ ಪದ. ‘ಹಾಳು’ ಹಳಗನ್ನಡದ ‘ಪಾೞ್’ನಿಂದ ಬಂದದ್ದು. ಬರಿದಾದದ್ದು, ಜನ ಬಿಟ್ಟುಹೋದದ್ದು ಎಂಬ ಅರ್ಥ ಅದಕ್ಕಿದೆ. ‘ಪಾಳುಬಿದ್ದ ಮನೆ’, ‘ಹಾಳು ಹಂಪಿ’ ಎಂಬ ಮಾತುಗಳಲ್ಲಿ ಅದು ಇನ್ನೂ ಉಳಿದಿದೆ. ಕಂದಾಯ ಇಲಾಖೆಯ ಕಡತಗಳಲ್ಲಿ ಇನ್ನೊಂದು ಪದವಿದೆ: ‘ಬೇಚಿರಾಕ್ ಗ್ರಾಮ’. ನಕ್ಷೆಯಲ್ಲಿ ಹೆಸರಿದ್ದು ಜನವಸತಿ ಇಲ್ಲದ ಊರು. ಪಾರ್ಸಿಯಲ್ಲಿ ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದ. ದೀಪ ಹಚ್ಚುವವರಿಲ್ಲದ ಊರು. ನಾಶಕ್ಕೆ ಇದಕ್ಕಿಂತ ಮೆಲುದನಿಯ ಪದ ನನಗೆ ಗೊತ್ತಿಲ್ಲ.

ಆದರೆ ಈ ಪದಗಳನ್ನು ವಾಕ್ಯದಲ್ಲಿಟ್ಟು ನೋಡಿ. ಗೋಡೆ ಶಿಥಿಲವಾಯಿತು. ಕೆರೆ ಹಾಳಾಯಿತು. ಗುಡಿ ಜೀರ್ಣವಾಯಿತು. ಊರು ಬೇಚಿರಾಕ್ ಆಯಿತು. ಎಲ್ಲವೂ ‘ಆಯಿತು’. ಹಣ್ಣು ಮಾಗಿದಂತೆ, ಸಂಜೆಯಾದಂತೆ, ತಮ್ಮಷ್ಟಕ್ಕೆ ಆದವು. ‘ಹಾಳುಮಾಡಿದರು’ ಎನ್ನಲು ಕನ್ನಡದಲ್ಲಿ ಬರುವುದಿಲ್ಲವೆಂದೇನಲ್ಲ, ಧಾರಾಳವಾಗಿ ಬರುತ್ತದೆ. ಆದರೆ ವರದಿ ಬರೆಯುವ ಹೊತ್ತಿಗೆ, ಅರ್ಜಿಗೆ ಉತ್ತರ ಕೊಡುವ ಹೊತ್ತಿಗೆ ನಾವು ‘ಆಗಿದೆ’ಯ ಕಡೆಗೆ ಜಾರುತ್ತೇವೆ.

ನಮ್ಮ ಹಳಬರ ಕನ್ನಡ ಹೀಗಿರಲಿಲ್ಲ. ಇದಕ್ಕೆ ಸಾಕ್ಷಿ ಹುಣಸಮಾರನಹಳ್ಳಿಯಿಂದ ಇದೇ ಬಳ್ಳಾರಿ ರಸ್ತೆಯಲ್ಲಿ ತೆಂಕಕ್ಕೆ ಹೋದರೆ ಸಿಗುವ ಹೆಬ್ಬಾಳದಲ್ಲಿದೆ. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿಸ್ತಶಕ 750ರದ್ದು. ರಟ್ಟವಾಡಿಯವರ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯ ಎಂಬವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಅದರಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್‌ನಾಡು’. ಪಾೞ್ ಹಾಳಾದ ಹಾಗೆಯೇ ಪಕಾರ ಹಕಾರವಾಗಿ ಈ ‘ಪೆರ್ಬೊಳಲ್’ ಹೆಬ್ಬಾಳವಾಗಿದೆ. ಕೆಂಪೇಗೌಡರು ಪೇಟೆ ಕಟ್ಟುವುದಕ್ಕಿಂತ ಸುಮಾರು ಎಂಟುನೂರು ವರ್ಷ ಹಿಂದೆ ಇಲ್ಲಿ ಜನರಿದ್ದರು, ಅವರಿಗೆ ಕಾಪಾಡಿಕೊಳ್ಳಬೇಕಾದ ಊರೊಂದಿತ್ತು ಎನ್ನುವುದಕ್ಕೆ ಆ ಕಲ್ಲಿನ ಮಾತೇ ಆಧಾರ.

ವೀರಗಲ್ಲುಗಳ ಭಾಷೆಯಲ್ಲಿ ನಾಶಕ್ಕೆ ಬಿಡಿಬಿಡಿಯಾದ ಹೆಸರುಗಳಿವೆ. ದನಗಳನ್ನು ಹೊಡೆದುಕೊಂಡು ಹೋಗುವುದು ‘ತುರುಗೊಳ್’. ಹೆಂಗಸರ ಮೇಲಿನ ಅತ್ಯಾಚಾರದ ಕೂಗು ‘ಪೆಣ್ಬುಯ್ಯಲ್’. ಊರಿಗೆ ಊರನ್ನೇ ನಾಶ ಮಾಡುವ ದಾಳಿ ‘ಊರಳಿವು’. ಇಲ್ಲಿ ಊರು ತಾನಾಗಿ ಅಳಿಯಲಿಲ್ಲ. ಯಾರು ಬಂದರು, ಯಾರು ಎದುರು ನಿಂತರು ಎಂಬುದನ್ನು ಕಲ್ಲು ಸಾಧ್ಯವಾದಷ್ಟು ಹೆಸರಿಟ್ಟು ಹೇಳುತ್ತದೆ.

ದಾನಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಅವುಗಳ ಕೊನೆಯಲ್ಲಿ ಬರುವ ಶಾಪ ಎಲ್ಲರಿಗೂ ಗೊತ್ತಿರುವಂಥದ್ದು: ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಅರ್ಥದ್ದು. ಗಮನಿಸಬೇಕಾದದ್ದು ‘ಅಳಿದವನು’ ಎಂಬ ರೂಪ. ಇನ್ನೂ ಆಗದ ನಾಶಕ್ಕೂ ಕರ್ತೃಪದವನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದಾರೆ.

ಶಾಪಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ದುರಸ್ತಿಯ ಏರ್ಪಾಡು. ಗುಡಿಗೆ ಭೂಮಿ ಬಿಡುವಾಗ ಪೂಜೆಗೆ, ನೈವೇದ್ಯಕ್ಕೆ ಎನ್ನುವುದರ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಅನೇಕ ಶಾಸನಗಳು ಸೇರಿಸುತ್ತವೆ. ಮುರಿದದ್ದು, ಒಡೆದದ್ದು, ಸವೆದದ್ದು, ಮೂರನ್ನೂ ಎತ್ತಿ ನಿಲ್ಲಿಸಲು. ಕಟ್ಟಿದ ಕಲ್ಲು ಒಂದು ದಿನ ಜರುಗುತ್ತದೆ ಎಂಬುದನ್ನು ಕಟ್ಟುವವರು ಕಟ್ಟುವ ದಿನವೇ ಒಪ್ಪಿಕೊಂಡಿದ್ದರು, ಅದಕ್ಕೆ ಹುಟ್ಟುವಳಿ ತೋರಿಸಿದ್ದರು. ಕೆರೆಗಳಿಗೂ ಹೀಗೆಯೇ. ಏರಿಯ ರಿಪೇರಿಗೆ, ಹೂಳು ತೆಗೆಯುವುದಕ್ಕೆ ‘ಬಿತ್ತುವಟ್ಟ’ ಎಂಬ ಕೊಡುಗೆ ಇತ್ತು. ಹೂಳು ಹೊರಲು ಕೆರೆಯ ಬಂಡಿಗಳಿದ್ದವು.

ವಿಜಯನಗರದ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕದ ತಾತ್ಪರ್ಯ ಇದು: ಕೊಡುವುದು ಮತ್ತು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅಳಿವಿಲ್ಲದ ಪದವಿ. ಹೊಸ ಕಟ್ಟಡದ ಶಂಕುಸ್ಥಾಪನೆಯ ಕಲ್ಲುಗಳನ್ನು ಊರೂರಲ್ಲಿ ನೋಡುವ ನಮಗೆ ಈ ಶ್ಲೋಕ ಬೇರೆ ಲೋಕದ್ದೆನಿಸುತ್ತದೆ. ಸುಣ್ಣ ಬಳಿಸಿದವರ ಹೆಸರಿನ ಕಲ್ಲನ್ನು ನಾನು ಎಲ್ಲೂ ನೋಡಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಶಾಪದ ಕಾವಲು ಸಿಕ್ಕಿದ್ದು ಹೆಚ್ಚಾಗಿ ದತ್ತಿಗಳಿಗೆ, ಗುಡಿ ಬಸದಿಗಳಿಗೆ, ಅಗ್ರಹಾರಗಳಿಗೆ. ಸಾಮಾನ್ಯರ ಮಣ್ಣಿನ ಗೋಡೆ ಬಿದ್ದರೆ ಯಾವ ಕವಿಲೆಯ ಪಾಪವೂ ಯಾರಿಗೂ ತಟ್ಟುತ್ತಿರಲಿಲ್ಲ. ಆದರೂ ‘ಇದನ್ನು ಹಾಳಾಗಲು ಬಿಟ್ಟವರು ಉತ್ತರ ಕೊಡಬೇಕು’ ಎಂಬ ಭಾವನೆ ಕನ್ನಡಕ್ಕೆ ಹೊರಗಿನಿಂದ ಬರಬೇಕಾಗಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಯುದ್ಧದ ನಾಶಕ್ಕೂ ಉದಾಸೀನದ ನಾಶಕ್ಕೂ ಇರುವ ವ್ಯತ್ಯಾಸ ನೋಡಲು ಬೆಂಗಳೂರಿನ ಕೋಟೆಗೇ ಹೋಗಬಹುದು. ಕೆಂಪೇಗೌಡರ ಮಣ್ಣಿನ ಕೋಟೆಯ ಜಾಗದಲ್ಲಿ ಹೈದರ್ ಅಲಿ 1761ರಿಂದ ಕಲ್ಲಿನ ಕೋಟೆ ಕಟ್ಟಿಸಿದ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಫಿರಂಗಿಗಳಿಂದ ಗೋಡೆಯಲ್ಲಿ ತೆರೆದ ಕಂಡಿಯ ಮೂಲಕ ಒಳನುಗ್ಗಿತು. ಬ್ರಿಟಿಷರು ಆ ಕಂಡಿ ಇದ್ದ ಜಾಗದಲ್ಲಿ ಒಂದು ಫಲಕ ನೆಟ್ಟರು, ದಿನಾಂಕವನ್ನೂ ಕೆತ್ತಿಸಿದರು. ಯುದ್ಧ ಮುಗಿದ ಮೇಲೆ ಟಿಪ್ಪುವೇ ಕೋಟೆಯನ್ನು ಕೆಡವಿಸಿದ ಸಂಗತಿಯನ್ನು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಆಮೇಲೆ ದುರಸ್ತಿಯಾಗಿ ಹತ್ತೊಂಬತ್ತನೆಯ ಶತಮಾನದಲ್ಲೂ ಕೋಟೆ ನಿಂತಿತ್ತು.

ಇಂದು ಅಲ್ಲಿ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ತುಂಡು. ಉಳಿದ ಗೋಡೆಯೆಲ್ಲ ಹೋದದ್ದು ಯಾವ ಫಿರಂಗಿಯಿಂದಲೂ ಅಲ್ಲ. ರಸ್ತೆಗೆ ಜಾಗ ಬೇಕಾದಾಗ ಒಂದಿಷ್ಟು, ಕಟ್ಟಡಗಳಿಗೆ ಬೇಕಾದಾಗ ಒಂದಿಷ್ಟು ಹೀಗೆ ದಶಕಗಳ ಶಾಂತಿಯ ಕಾಲದಲ್ಲಿ ಹೋಯಿತು. ಒಂದು ರಾತ್ರಿಯ ಕಂಡಿಗೆ ಫಲಕವಿದೆ. ಹಗಲಿನಲ್ಲೇ ಕಣ್ಮರೆಯಾದ ಗೋಡೆಗೆ ಫಲಕವಿಲ್ಲ. ಬಹುಶಃ ಅದಕ್ಕೆ ಇಡಲು ಒಂದು ದಿನಾಂಕ ಸಿಗುವುದಿಲ್ಲ. ಡಿಲ್ಯಾಪಿಡೇಷನ್ನಿನ ಗುಣವೇ ಅದು. ಶತ್ರು ಒಂದೇ ಬಾಗಿಲಿನಿಂದ ಬರುತ್ತಾನೆ, ಉದಾಸೀನ ಎಲ್ಲ ಸಂದುಗಳಿಂದ ಬರುತ್ತದೆ.

ಕಲ್ಲಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಕಲ್ಲು ಸುಲಭವಾಗಿ ನಾಶವಾಗುವುದಿಲ್ಲ, ಜಾಗ ಬದಲಿಸುತ್ತದೆ. ಕೋಟೆಯ ಕಲ್ಲು ಮನೆಯ ಪಾಯಕ್ಕೆ ಹೋಗುತ್ತದೆ. ಶಾಸನದ ಕಲ್ಲು ಬಟ್ಟೆ ಒಗೆಯಲು, ಚರಂಡಿಯ ಮೇಲೆ ಹಾಸಲು, ಅಶ್ವತ್ಥಕಟ್ಟೆಯ ಮೆಟ್ಟಿಲಿಗೆ ಒದಗುತ್ತದೆ. ಇದರಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಬಯಲುಸೀಮೆಯ ಜನ ಕಲ್ಲನ್ನು ಹೀಗೇ ಬಳಸಿಕೊಂಡು ಬಂದಿದ್ದಾರೆ. ಆದರೆ ಶಾಸನದ ಕಲ್ಲಿಗೆ ಅದು ನಿಂತ ಜಾಗವೂ ಒಂದು ಅಕ್ಷರವೇ. ಯಾವ ಕೆರೆಯ ಏರಿಯ ಮೇಲೆ, ಯಾವ ಊರಿನ ಎಲ್ಲೆಯಲ್ಲಿ ಅದು ನಿಂತಿತ್ತು ಎನ್ನುವುದು ಹೋದರೆ ಅದರ ಅರ್ಧ ಮಾತು ಹೋದಂತೆ. ಚೆಲ್ಲಿಹೋದ ಕಲ್ಲು ಎಂಬ ಲ್ಯಾಟಿನ್ ಅರ್ಥ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಯಾವ ಊರಿನಲ್ಲಿ, ಯಾವ ಹೊಲದಲ್ಲಿ, ಯಾವ ಗುಡಿಯ ಮುಂದೆ ಕಲ್ಲು ಇದೆ ಎಂದು ಒಂದೊಂದಕ್ಕೂ ಗುರುತು ಕೊಟ್ಟರು. ಇಂದು ಆ ಪುಸ್ತಕ ಹಿಡಿದು ಹೊರಟವರಿಗೆ ಎಷ್ಟೋ ಕಡೆ ಹೊಲದ ಬದಲು ಅಪಾರ್ಟ್‌ಮೆಂಟು, ಗುಡಿಯ ಬದಲು ಅಗಲವಾದ ರಸ್ತೆ ಸಿಗುತ್ತದೆ. ಕಲ್ಲು ಪುಟದಲ್ಲಿದೆ, ನೆಲದಲ್ಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ನೆಲದ ಬೆಲೆ ಏರಿದಷ್ಟೂ ಬೆಲೆಯಿಲ್ಲದ ಕಲ್ಲುಗಳಿಗೆ ನಿಲ್ಲುವ ಜಾಗ ಕಡಿಮೆಯಾಗಿದೆ.

ಆದರೆ ಕಿತ್ತಯ್ಯನ ಕಲ್ಲಿನ ಕತೆ ಬೇರೆ ದಾರಿ ಹಿಡಿಯಿತು. ಅಗೆದಾಗ ಸಿಕ್ಕ ಆ ಕಲ್ಲನ್ನು ಊರಿನವರೂ ಶಾಸನಪ್ರಿಯರೂ ಸೇರಿ ಅಲ್ಲೇ ಉಳಿಸಿಕೊಂಡರು, ಅದಕ್ಕೊಂದು ಮಂಟಪ ಮಾಡಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ತಂಡ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನ್ ಮಾಡಿ ಅಕ್ಷರಗಳನ್ನು ದಾಖಲಿಸುತ್ತಾ ಬಂದಿದೆ. ಇದನ್ನೆಲ್ಲ ಖಂಡಸ್ಫುಟಿತ ಜೀರ್ಣೋದ್ಧಾರದ ಇಂದಿನ ರೂಪ ಎಂದರೆ ಉತ್ಪ್ರೇಕ್ಷೆಯಲ್ಲ. ವ್ಯತ್ಯಾಸವೆಂದರೆ ಆಗ ಅದಕ್ಕೆ ಭೂಮಿಯ ಹುಟ್ಟುವಳಿ ಇತ್ತು, ಈಗ ಕೆಲವರ ಭಾನುವಾರಗಳಿವೆ.

ಹುಣಸಮಾರನಹಳ್ಳಿ ಎಂಬ ಹೆಸರನ್ನು ಬಿಡಿಸಿದರೆ ಒಂದು ಹುಣಸೆ, ಮಾರ ಎಂಬ ಒಂದು ಹೆಸರು, ಒಂದು ಹಳ್ಳಿ ಕಾಣುತ್ತವೆ. ಹೆದ್ದಾರಿಯ ಸದ್ದಿನಲ್ಲಿ ನಿಂತು ಈ ಮೂರನ್ನೂ ಹುಡುಕುವುದು ಕಷ್ಟ. ಆದರೂ ಊರಿನ ಹೆಸರು ಇನ್ನೂ ಬಸ್ಸಿನ ಬೋರ್ಡಿನ ಮೇಲಿದೆ, ಕಂಡಕ್ಟರ್ ಇನ್ನೂ ಅದನ್ನು ಕೂಗುತ್ತಾರೆ. ಈ ಹೆಸರೂ ಬೇಚಿರಾಕ್ ಆಗಬಾರದು.

ಕಾಲೇಜಿನಲ್ಲಿ ಓದುತ್ತಿರುವ ಓದುಗರಿಗೆ ಒಂದು ಚಿಕ್ಕ ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮೂರಿನ ಶಾಲೆ, ಕೆರೆ, ಗುಡಿ, ಕೋಟೆ ಯಾವುದರ ಬಗ್ಗೆಯಾದರೂ ‘ಶಿಥಿಲವಾಗಿದೆ’ ಎಂಬ ಸುದ್ದಿ ಓದಿದಾಗ ಆ ವಾಕ್ಯಕ್ಕೆ ಕರ್ತೃಪದ ಹುಡುಕಿ. ಅದು ಯಾರ ಸುಪರ್ದಿನಲ್ಲಿತ್ತು, ಕೊನೆಯ ಸಲ ರಿಪೇರಿ ಆದದ್ದು ಯಾವಾಗ, ಆಮೇಲೆ ಯಾರು ಸುಮ್ಮನಿದ್ದರು ಎಂದು ವಿಚಾರಿಸಿ ಬರೆದಿಡಿ. ಆ ಪಟ್ಟಿಯಲ್ಲಿ ನಮ್ಮ ಹೆಸರೂ ಬರಬಹುದು. ಬಿದ್ದ ಕಲ್ಲಿನ ಮೇಲೆ ಕೂತು ಊಟ ಮಾಡುತ್ತಿದ್ದವರನ್ನು ದಾಟಿಕೊಂಡು ನಾನೂ ಫೋಟೋ ತೆಗೆದು ಬಸ್ಸು ಹತ್ತಿದವನೇ.